‘ರೋಣ’ ಅಂತ ಹುಡುಕಿದರೆ ಅರ್ಧ ಮೇಲ್ ಸಿಗಲಿಲ್ಲ: ನಾಟ್‌ಮಚ್ ಹಾಕಿಕೊಳ್ಳುವುದು, ಬಗೆದು ನೋಡುವುದು, ಸರಿ ಮಾಡುವುದು

ಗದಗಿನಲ್ಲಿ ನನಗೆ ಗೊತ್ತಿರುವ ಕಾಕಾ ಒಬ್ಬರು ಪ್ರಿಂಟಿಂಗ್ ಪ್ರೆಸ್ ಇಟ್ಟಿದ್ದಾರೆ. ಮದುವೆ ಕಾರ್ಡು, ಬಿಲ್ ಬುಕ್ಕು, ಜಾತ್ರೆಯ ಹ್ಯಾಂಡ್‌ಬಿಲ್ಲು, ಎಲ್ಲ ಆರ್ಡರೂ ಈಗ ಇಮೇಲಿನಲ್ಲೇ ಬರುತ್ತವೆ. ವರ್ಷಗಟ್ಟಲೆ ಕೂಡಿದ ಮೇಲ್‌ಗಳು, ಹೆಚ್ಚಿನವು ಕನ್ನಡದವು. ಒಂದು ಸಲ ಹುಬ್ಬಳ್ಳಿಯಿಂದ ಹೋದಾಗ ಅವರ ಕಂಪ್ಯೂಟರಿಗೆ ನಾಟ್‌ಮಚ್ ಎಂಬ ಮೇಲ್ ಹುಡುಕುವ ತಂತ್ರಾಂಶ ಹಾಕಿ, ತಾಲೂಕಿಗೊಂದು ಟ್ಯಾಗ್ ಮಾಡಿಕೊಟ್ಟು ಬಂದಿದ್ದೆ. ವಾರ ಕಳೆಯುವುದರೊಳಗೆ ಫೋನ್ ಬಂತು. “ತಮ್ಮಾ, ರೋಣದ ಆರ್ಡರ್ ಅರ್ಧಾ ಕಾಣವಲ್ದು. ಮೇಲ್ ಬಂದದ್ದು ನಾನ ಕಣ್ಣಾರೆ ನೋಡೇನಿ.”

ಕಾಕಾ ಹೇಳಿದ್ದು ನಿಜವೇ ಆಗಿತ್ತು. ಆ ಅರ್ಧವನ್ನು ಹುಡುಕುತ್ತಾ ಹೋದಾಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹಾಕಿಕೊಳ್ಳುವುದರಿಂದ ಶುರು ಮಾಡಿ, ಸೋರ್ಸ್ ಕೋಡಿಗೆ ಕೈ ಹಾಕಿ ಪ್ಯಾಚ್ (ಕೋಡಿನ ತಿದ್ದುಪಡಿ) ಕಳಿಸುವ ತನಕ. ಕಮಾಂಡ್‌ಗಳನ್ನು ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ, ಟರ್ಮಿನಲ್ಲಿನಲ್ಲಿ ಅದನ್ನೇ ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಸಣ್ಣಕ್ಷರದಲ್ಲಿ ಕೊಡಿ.

ಇದು ಏನು ಮಾಡುತ್ತದೆ, ಏನು ಮಾಡುವುದಿಲ್ಲ

ನಾಟ್‌ಮಚ್ ಶುರು ಮಾಡಿದವರು ಕಾರ್ಲ್ ವರ್ತ್, 2009ರಲ್ಲಿ. ಸಪ್ ಎಂಬ ಇನ್ನೊಂದು ಮೇಲ್ ತಂತ್ರಾಂಶದ ವಿಚಾರ ಇದಕ್ಕೆ ಪ್ರೇರಣೆ. ಇದು ಮೇಲ್ ತರುವುದಿಲ್ಲ, ಕಳಿಸುವುದೂ ಇಲ್ಲ. ನಿಮ್ಮ ಡಿಸ್ಕಿನ ಮೇಲಿರುವ ಮೇಲ್ ಫೈಲುಗಳನ್ನು ಓದಿ, ಜಾಪಿಯನ್ ಎಂಬ ಹುಡುಕು ಲೈಬ್ರರಿಯಲ್ಲಿ ಸೂಚಿ ಕಟ್ಟುತ್ತದೆ, ಟ್ಯಾಗ್ ಹಚ್ಚುತ್ತದೆ, ಕೇಳಿದರೆ ಹುಡುಕಿ ಕೊಡುತ್ತದೆ. ಮೇಲಿನ ಒಳಗಿನ ಪಠ್ಯವನ್ನು ಅದು ಮುಟ್ಟುವುದೇ ಇಲ್ಲ. ನನಗೆ ಇದರ ಮೇಲೆ ಅಷ್ಟು ನಂಬಿಕೆ ಇರುವುದು ಇದಕ್ಕೇ. ಪ್ರಯೋಗ ಮಾಡುವಾಗ ಸೂಚಿ ಹಾಳಾದರೆ ಮತ್ತೆ ಕಟ್ಟಬಹುದು, ಮೇಲ್ ಹಾಳಾಗುವುದಿಲ್ಲ.

ಸುಮ್ನೆ ಗ್ರೆಪ್ (ಫೈಲಿನೊಳಗೆ ಪದ ಹುಡುಕುವ ಕಮಾಂಡ್) ಮಾಡಿದರೆ ಆಗಲ್ವಾ ಅಂತ ಕೇಳುವವರಿಗೆ ಒಂದು ಮಾತು. ಕನ್ನಡದ ಒಂದು ಮೇಲ್ ಫೈಲನ್ನು ತೆರೆದು ನೋಡಿ. ವಿಷಯದ ಸಾಲಿನಲ್ಲಿ ಕನ್ನಡ ಇರುವುದಿಲ್ಲ, ಬೇಸ್64 ರೂಪದ ಇಂಗ್ಲಿಷ್ ಅಕ್ಷರಗಳ ಉದ್ದ ಸರ ಇರುತ್ತದೆ. ಎಷ್ಟೋ ಸಲ ಒಳಗಿನ ಪಠ್ಯವೂ ಹಾಗೇ. ಗ್ರೆಪ್‌ಗೆ ಅಲ್ಲಿ ರೋಣ ಕಾಣುವುದಿಲ್ಲ, ಗದಗವೂ ಕಾಣುವುದಿಲ್ಲ. ನಾಟ್‌ಮಚ್ ಅದನ್ನು ಜಿಮೈಮ್ ಲೈಬ್ರರಿಯ ಮೂಲಕ ಬಿಚ್ಚಿ, ಕನ್ನಡವನ್ನು ಕನ್ನಡವಾಗಿಯೇ ಸೂಚಿಗೆ ಹಾಕುತ್ತದೆ.

ಹಾಕಿಕೊಳ್ಳುವುದು

ಮೊದಲು ಮೇಲ್‌ಗಳು ಡಿಸ್ಕಿಗೆ ಇಳಿಯಬೇಕು. ಎಂಬಿಸಿಂಕ್ ಸಾಕು, ಅದು ಐಸಿಂಕ್ ಎಂಬ ಪ್ಯಾಕೇಜಿನಲ್ಲಿ ಬರುತ್ತದೆ. ಜಿಮೇಲ್ ಆದರೆ ಎರಡು ಹಂತದ ಪರಿಶೀಲನೆ ಆನ್ ಮಾಡಿ, ಆಪ್ ಪಾಸ್‌ವರ್ಡ್ ಮಾಡಿಕೊಳ್ಳಿ. ಎಂಬಿಸಿಂಕ್ ಸೆಟ್ಟಿಂಗಿನಲ್ಲಿ ಶುರುವಿಗೆ ‘ಸಿಂಕ್ ಪುಲ್’ ಮಾತ್ರ ಇಡಿ. ಆಗ ಸರ್ವರಿನಿಂದ ನಿಮ್ಮ ಕಡೆಗಷ್ಟೇ ಮೇಲ್ ಬರುತ್ತದೆ, ನೀವು ಇಲ್ಲಿ ಏನು ಅಳಿಸಿದರೂ ಅಲ್ಲಿ ಅಳಿಯುವುದಿಲ್ಲ. ಕೈ ಪಳಗಿದ ಮೇಲೆ ಬದಲಿಸಿಕೊಳ್ಳಿ.

ಆಮೇಲೆ ನಾಟ್‌ಮಚ್ ಪ್ಯಾಕೇಜನ್ನೂ ಹಾಕಿಕೊಂಡು ‘ನಾಟ್‌ಮಚ್ ಸೆಟಪ್’ ಕೊಡಿ. ಹೆಸರು, ಇಮೇಲ್ ವಿಳಾಸ, ಮೇಲ್ ಫೋಲ್ಡರ್ ಎಲ್ಲಿದೆ, ಹೊಸ ಮೇಲಿಗೆ ಯಾವ ಟ್ಯಾಗ್, ಹುಡುಕುವಾಗ ಯಾವ ಟ್ಯಾಗ್ ಬಿಡಬೇಕು ಅಂತ ಕೇಳುತ್ತದೆ. ಮೊದಲ ಸಲ ಇದ್ದದ್ದನ್ನೇ ಒಪ್ಪಿ. ಕೊನೆಯ ಪ್ರಶ್ನೆಗೆ ಏನು ಕೊಟ್ಟಿರಿ ಅನ್ನುವುದು ಮಾತ್ರ ನೆನಪಿರಲಿ, ಮುಂದೆ ಬೇಕಾಗುತ್ತದೆ. ಆಮೇಲೆ ‘ನಾಟ್‌ಮಚ್ ನ್ಯೂ’. ಮೊದಲ ಸಲ ತಡವಾಗುತ್ತದೆ, ಆಮೇಲೆ ಹೊಸದಾಗಿ ಬಂದಷ್ಟನ್ನೇ ಓದುತ್ತದೆ.

ಟ್ಯಾಗ್ ಹಚ್ಚುವುದು ಒಂದೇ ಸಾಲಿನ ಕೆಲಸ: ‘ನಾಟ್‌ಮಚ್ ಟ್ಯಾಗ್ +ಮದುವೆ -ಇನ್‌ಬಾಕ್ಸ್ -- ಸಬ್ಜೆಕ್ಟ್:ಲಗ್ನಪತ್ರಿಕೆ’. ಎರಡು ಗೆರೆಯ ಎಡಕ್ಕೆ ಏನು ಹಚ್ಚಬೇಕು ಮತ್ತು ಏನು ತೆಗೆಯಬೇಕು, ಬಲಕ್ಕೆ ಯಾವ ಮೇಲಿಗೆ. ಕನ್ನಡ ಟ್ಯಾಗ್ ಚೆನ್ನಾಗಿಯೇ ನಡೆಯುತ್ತದೆ. ದಿನಾ ಕೈಯಿಂದ ಹಚ್ಚುವುದು ಬೇಡ ಅಂದರೆ ಮೇಲ್ ಫೋಲ್ಡರಿನ ಒಳಗಿನ ಡಾಟ್-ನಾಟ್‌ಮಚ್ ಫೋಲ್ಡರಿನಲ್ಲಿ ಹುಕ್ಸ್ ಅಂತ ಒಂದು ಫೋಲ್ಡರ್ ಮಾಡಿ, ಅಲ್ಲಿ ‘ಪೋಸ್ಟ್-ನ್ಯೂ’ ಎಂಬ ಶೆಲ್ ಸ್ಕ್ರಿಪ್ಟ್ ಇಡಿ. ಮೇಲಿನಂಥ ಸಾಲುಗಳನ್ನು ಅದರಲ್ಲಿ ಬರೆದು, ಓಡಿಸುವ ಅನುಮತಿ ಕೊಟ್ಟರೆ ಸಾಕು. ಅನುಮತಿ ಕೊಡುವುದನ್ನು ತುಂಬಾ ಜನ ಮರೆಯುತ್ತಾರೆ, ಆಮೇಲೆ ಟ್ಯಾಗ್ ಯಾಕೆ ಬೀಳುತ್ತಿಲ್ಲ ಅಂತ ಒದ್ದಾಡುತ್ತಾರೆ.

ಕನ್ನಡದಲ್ಲಿ ಹುಡುಕುವಾಗ ಒಂದು ವಿಷಯ ಗಮನದಲ್ಲಿರಲಿ. ಇಂಗ್ಲಿಷ್ ಪದಗಳ ಬಾಲ ಕತ್ತರಿಸಿ ಬೇರು ಹುಡುಕುವ ವ್ಯವಸ್ಥೆ ಇದರಲ್ಲಿ ಇದೆ, ಕನ್ನಡಕ್ಕೆ ಇಲ್ಲ. ಧಾರವಾಡ ಅಂತ ಕೊಟ್ಟರೆ ಧಾರವಾಡದಲ್ಲಿ, ಧಾರವಾಡಕ್ಕೆ, ಧಾರವಾಡದವರು ಯಾವುದೂ ಬರುವುದಿಲ್ಲ. ಕೊನೆಗೆ ನಕ್ಷತ್ರ ಹಾಕಿ: ‘ಧಾರವಾಡ*’. ಹಾವೇರಿ*, ಗದಗ*, ಬ್ಯಾಡಗಿ*, ಎಲ್ಲ ಹೀಗೇ. ಒಟ್ಟು ಪ್ರಶ್ನೆಯನ್ನು ಒಂಟಿ ಉದ್ಧರಣ ಚಿಹ್ನೆಯೊಳಗೆ ಇಡಿ, ಇಲ್ಲವಾದರೆ ನಕ್ಷತ್ರಕ್ಕೆ ಶೆಲ್ ತನ್ನದೇ ಅರ್ಥ ಮಾಡಿಕೊಳ್ಳುತ್ತದೆ.

ಮುಂದಿನದಕ್ಕೆ ಹೋಗುವ ಮುಂಚೆ ‘ನಾಟ್‌ಮಚ್ ಡಂಪ್’ ಕೊಟ್ಟು ಟ್ಯಾಗ್‌ಗಳ ನಕಲು ತೆಗೆದಿಡಿ. ಮೇಲ್ ಫೈಲುಗಳಿಂದ ಸೂಚಿಯನ್ನು ಮತ್ತೆ ಕಟ್ಟಬಹುದು, ನೀವು ಕೈಯಾರೆ ಹಚ್ಚಿದ ಟ್ಯಾಗ್ ಮಾತ್ರ ಸೂಚಿಯಲ್ಲಷ್ಟೇ ಇರುತ್ತದೆ. ಡಂಪ್ ಫೈಲಿನಲ್ಲಿ ಕನ್ನಡ ಟ್ಯಾಗ್‌ಗಳು ಪರ್ಸೆಂಟ್ ಗುರುತು ಮತ್ತು ಅಂಕಿಗಳಾಗಿ ಕಾಣುತ್ತವೆ. ಗಾಬರಿ ಬೇಡ, ‘ರಿಸ್ಟೋರ್’ ಮಾಡಿದಾಗ ಸರಿಯಾಗಿ ಮರಳುತ್ತವೆ.

ಮೇಲ್ ಸಿಗದಿದ್ದಾಗ ಎಲ್ಲಿಂದ ಶುರು ಮಾಡಬೇಕು

ಕೋಡ್ ತೆರೆಯುವ ಆತುರ ಬೇಡ. ನಾಲ್ಕು ಪ್ರಶ್ನೆ ಕೇಳಿಕೊಳ್ಳಿ, ಇದೇ ಕ್ರಮದಲ್ಲಿ.

ಮೇಲ್ ಡಿಸ್ಕಿಗೆ ಇಳಿದಿದೆಯೇ? ಸೂಚಿಗೆ ಸೇರಿದೆಯೇ? ಇವೆರಡಕ್ಕೂ ಒಂದೇ ಉಪಾಯ, ಅದೇ ಮೇಲನ್ನು ಬೇರೆ ದಾರಿಯಿಂದ ಹುಡುಕಿ. ಕಳಿಸಿದವರ ವಿಳಾಸ ಗೊತ್ತಿದ್ದರೆ ‘ಫ್ರಮ್:’ ಕೊಟ್ಟು, ‘--ಔಟ್‌ಪುಟ್=ಫೈಲ್ಸ್’ ಸೇರಿಸಿ. ಫೈಲಿನ ದಾರಿ ಬಂದರೆ ಎರಡೂ ಪ್ರಶ್ನೆ ಮುಗಿದವು. ಕಾಕಾನ ಮೇಲ್ ಹೀಗೆ ಸಿಕ್ಕಿತು. ವಿಷಯದ ಸಾಲಿನಲ್ಲಿ ‘ರೋಣ’ ಅಂತ ಎದ್ದು ಕಾಣುತ್ತಿತ್ತು. ಆದರೆ ರೋಣ ಅಂತ ಹುಡುಕಿದರೆ ಅದು ಬರುತ್ತಿರಲಿಲ್ಲ.

ಮೂರನೆಯದು, ಟ್ಯಾಗ್ ಕಾರಣಕ್ಕೆ ಬಚ್ಚಿಟ್ಟುಕೊಂಡಿದೆಯೇ? ಸೆಟಪ್‌ನಲ್ಲಿ ಕೇಳಿದ ಕೊನೆಯ ಪ್ರಶ್ನೆ ನೆನಪಿದೆ ಅಲ್ವಾ? ಡಿಲೀಟೆಡ್, ಸ್ಪ್ಯಾಮ್ ಟ್ಯಾಗ್ ಇದ್ದವು ಹುಡುಕುವಾಗ ಬರುವುದಿಲ್ಲ. ‘--ಎಕ್ಸ್‌ಕ್ಲೂಡ್=ಫಾಲ್ಸ್’ ಕೊಟ್ಟು ನೋಡಿ. ಇಲ್ಲೊಂದು ಎಣಿಕೆಯ ಗೊಂದಲವೂ ಇದೆ. ‘ಸರ್ಚ್’ ತೋರಿಸುವುದು ಸಂಭಾಷಣೆಗಳ ಲೆಕ್ಕ, ‘ಕೌಂಟ್’ ಹೇಳುವುದು ಒಂದೊಂದು ಮೇಲಿನ ಲೆಕ್ಕ. ಎರಡೂ ಹೊಂದಲಿಲ್ಲ ಅಂತ ದೋಷ ಹುಡುಕಲು ಹೋಗಬೇಡಿ.

ನಾಲ್ಕನೆಯದು, ನೀವು ಕೊಟ್ಟ ಪದವೂ ಸೂಚಿಯಲ್ಲಿರುವ ಪದವೂ ನಿಜಕ್ಕೂ ಒಂದೇನಾ? ನಮ್ಮ ತೊಂದರೆ ಇದ್ದದ್ದು ಇಲ್ಲಿ.

ಒಂದೇ ರೋಣ, ಎರಡು ಬರವಣಿಗೆ

ಮೊದಲು ನಿಮ್ಮ ಪ್ರಶ್ನೆಯನ್ನು ಯಂತ್ರ ಹೇಗೆ ಅರ್ಥ ಮಾಡಿಕೊಂಡಿದೆ ನೋಡಿ. ‘ನಾಟ್‌ಮಚ್_ಡೀಬಗ್_ಕ್ವೆರಿ’ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್‌ಗೆ ‘ಎಸ್’ ಕೊಟ್ಟು (ಇದನ್ನು ದೊಡ್ಡಕ್ಷರದಲ್ಲಿ ಬರೆಯಬೇಕು) ಹುಡುಕಿದರೆ ಪ್ರಶ್ನೆ ಬಿಚ್ಚಿದ ರೂಪದಲ್ಲಿ ಕಾಣುತ್ತದೆ. ಆಮೇಲೆ ಸೂಚಿಯ ಒಳಗೆ ಇಣುಕಿ. ಅದಕ್ಕೆ ‘ಜಾಪಿಯನ್-ಡೆಲ್ವ್’ ಬೇಕು, ಜಾಪಿಯನ್-ಟೂಲ್ಸ್ ಪ್ಯಾಕೇಜಿನಲ್ಲಿದೆ. ಎಲ್ಲ ಪದಗಳನ್ನೂ ಸಾಲಿಗೊಂದರಂತೆ ತೋರಿಸು ಅಂತ ಹೇಳಿ, ಅದನ್ನು ಗ್ರೆಪ್‌ಗೆ ಕೊಡಿ. ಗ್ರೆಪ್‌ಗೆ ‘ರೋಣ’ ಕೊಡಬೇಡಿ, ಯಾಕೆಂದರೆ ನಾವು ಹುಡುಕುತ್ತಿರುವುದೇ ‘ರೋಣ’ಕ್ಕೆ ಹೊಂದದ ರೋಣವನ್ನು. ಬರೀ ‘ಣ’ ಕೊಡಿ. ಪಟ್ಟಿ ಉದ್ದ ಬರುತ್ತದೆ, ತಾಳ್ಮೆಯಿಂದ ನೋಡಿ.

ವಿಷಯದ ಪದಗಳ ಮುಂದೆ ‘ಎಕ್ಸ್‌ಸಬ್ಜೆಕ್ಟ್’ ಅಂತ ದೊಡ್ಡಕ್ಷರದ ಮುಂಗುರುತು ಇರುತ್ತದೆ. ಆ ಮುಂಗುರುತಿನ ಜೊತೆ ರೋಣ ಒಂದು ಸಲ ಬರಬೇಕಿತ್ತು. ನನಗೆ ಎರಡು ಸಲ ಬಂತು, ಬೇರೆ ಬೇರೆ ಜಾಗದಲ್ಲಿ. ಪರದೆಯ ಮೇಲೆ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ.

ಆಗ ಬೈಟ್ ಎಣಿಸಿದೆ. ಒಂದೊಂದು ರೋಣವನ್ನೂ ಪ್ರಿಂಟ್‌ಎಫ್ ಮೂಲಕ ‘ಡಬ್ಲ್ಯೂಸಿ -ಸಿ’ಗೆ ಕೊಟ್ಟೆ. ಮೊದಲನೆಯದು 9. ಎರಡನೆಯದು 15.

ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಗುರುತಿಗೂ 3 ಬೈಟ್ ಬೇಕು. 9 ಬೈಟ್ ಅಂದರೆ ಮೂರು ಗುರುತು: ರ, ಒತ್ವದ ದೀರ್ಘ, ಣ. 15 ಅಂದರೆ ಐದು. ಅದರಲ್ಲಿ ಒತ್ವದ ದೀರ್ಘ ಒಂದೇ ಗುರುತಾಗಿರಲಿಲ್ಲ, ಎತ್ವ, ಕೊಂಬಿನ ಇಳಿ, ದೀರ್ಘ ಅಂತ ಮೂರು ತುಂಡಾಗಿತ್ತು. ಶಾಲೆಯಲ್ಲಿ ಕಾಗುಣಿತ ತಿದ್ದುವಾಗ ನಾವು ಕೈಯಲ್ಲಿ ಬಿಡಿಸುತ್ತಿದ್ದದ್ದೂ ಹಾಗೇ ಅಲ್ವಾ, ಮೊದಲು ಎತ್ವ, ಆಮೇಲೆ ಕೊಂಬು ಎಳೆದು, ಕೊನೆಗೆ ದೀರ್ಘ. ಯುನಿಕೋಡ್ ಎರಡೂ ಬಗೆಯನ್ನು ಸಮಾನ ಅಂತಲೇ ಒಪ್ಪುತ್ತದೆ. ಪರದೆ ಎರಡನ್ನೂ ಒಂದೇ ಥರ ಬರೆಯುತ್ತದೆ. ಜಾಪಿಯನ್ ನೋಡುವುದು ಬೈಟ್‌ಗಳನ್ನು ಮಾತ್ರ, ಅದಕ್ಕೆ ಇವು ಎರಡು ಬೇರೆ ಊರು.

ಈ ಒಡೆದ ರೂಪ ಎಲ್ಲಿಂದ ಬಂತು? ಆ ಮೇಲ್‌ಗಳನ್ನೆಲ್ಲ ಕಳಿಸಿದವರು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿ, ಆಮೇಲೆ ಯುನಿಕೋಡಿಗೆ ಪರಿವರ್ತಿಸಿ ಅಂಟಿಸುತ್ತಿದ್ದರು. ಯುನಿಕೋಡ್ ಪೂರ್ವದ ನುಡಿ, ಬರಹ ಫಾಂಟುಗಳಲ್ಲಿ ರೋ ಅನ್ನುವುದನ್ನು ತುಂಡು ತುಂಡಾಗಿಯೇ ಇಟ್ಟಿರುತ್ತಾರೆ, ಎತ್ವ ಹತ್ತಿದ ರ ಒಂದು ಕಡೆ, ಕೊಂಬಿನ ಇಳಿ ಇನ್ನೊಂದು, ದೀರ್ಘ ಮತ್ತೊಂದು. ಪರಿವರ್ತಿಸುವ ತಂತ್ರಾಂಶ ತುಂಡಿಗೆ ತುಂಡು ಬದಲಿಸಿ, ಕೂಡಿಸುವ ಕೆಲಸ ಬಿಟ್ಟರೆ, ಒಡೆದ ರೋಣ ಹುಟ್ಟುತ್ತದೆ. ಕಳಿಸಿದವರ ತಪ್ಪು ಇದರಲ್ಲಿ ಏನೂ ಇಲ್ಲ. ಕಣ್ಣಿಗೆ ಕಾಣದ್ದನ್ನು ಅವರು ಹೇಗೆ ತಿದ್ದಬೇಕು?

ರೋಣ ಒಂದೇ ಅಲ್ಲ. ೀ, ೇ, ೈ, ೊ, ೋ ಬರುವ ಯಾವ ಪದಕ್ಕೂ ಈ ತೊಂದರೆ ಇದೆ. ಹಾವೇರಿಯಲ್ಲಿ ವೇ ಇದೆ, ಬೆಟಗೇರಿಯಲ್ಲಿ ಗೇ ಇದೆ. ಟ್ಯಾಗ್‌ಗೂ ಇದೇ ಕಥೆ, ಒಡೆದ ರೂಪವನ್ನು ಕಾಪಿ ಮಾಡಿ ಟ್ಯಾಗ್ ಹಚ್ಚಿದರೆ ಒಂದೇ ಹೆಸರಿನ ಎರಡು ಟ್ಯಾಗ್ ಕೂತುಬಿಡುತ್ತವೆ. ಟ್ಯಾಗ್‌ನಲ್ಲಿ ಇನ್ನೂ ಒಂದು ಅಪಾಯ ಇದೆ. ಸಾಫ್ಟ್‌ವೇರ್ ಥರದ ಪದದಲ್ಲಿ ಒತ್ತಕ್ಷರ ಆಗದಂತೆ ನಡುವೆ ಕಾಣದ ಗುರುತೊಂದನ್ನು ಹಾಕುತ್ತೇವೆ. ಪಠ್ಯದಲ್ಲಿ ಅದನ್ನು ಜಾಪಿಯನ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಟ್ಯಾಗ್‌ನಲ್ಲಿ ಮಾತ್ರ ತೆಗೆದುಕೊಳ್ಳುತ್ತದೆ. ಟ್ಯಾಗ್ ಹೆಸರು ಸರಳವಾಗಿರಲಿ.

ಕೋಡ್ ಮುಟ್ಟದೆ ಸದ್ಯಕ್ಕೆ ಕೆಲಸ ನಡೆಸಬೇಕು ಅಂದರೆ ಎರಡೂ ರೂಪ ಕೊಟ್ಟು, ನಡುವೆ ‘ಆರ್’ ಹಾಕಿ ಹುಡುಕಿ. ಕಾಕಾನ ಪೋಸ್ಟ್-ನ್ಯೂ ಸ್ಕ್ರಿಪ್ಟಿನಲ್ಲಿ ಅವತ್ತೇ ಹಾಗೆ ಬರೆದು ಕೊಟ್ಟೆ, ಆರ್ಡರ್ ನಿಲ್ಲಬಾರದು ಅಲ್ವಾ. ಆದರೆ ಪ್ರತಿ ಊರಿಗೂ ಹೀಗೆ ಬರೆಯುತ್ತಾ ಕೂರಲು ಆಗುವುದಿಲ್ಲ.

ಸೋರ್ಸ್ ಕೋಡ್ ತಂದು ಕಟ್ಟುವುದು

ಗಿಟ್‌ನಿಂದ ನಾಟ್‌ಮಚ್ ಕೋಡನ್ನು ಕ್ಲೋನ್ ಮಾಡಿ. ಡೆಬಿಯನ್, ಉಬುಂಟು ಆದರೆ ಜಾಪಿಯನ್, ಜಿಮೈಮ್ 3.0, ಟ್ಯಾಲಾಕ್, ಝಡ್‌ಲಿಬ್ ಇವುಗಳ ಡೆವ್ ಪ್ಯಾಕೇಜುಗಳು ಬೇಕು. ‘ಕಾನ್ಫಿಗರ್’ ಓಡಿಸಿದರೆ ಯಾವುದು ಇಲ್ಲ ಅಂತ ಅದೇ ಹೇಳುತ್ತದೆ. ಆಮೇಲೆ ‘ಮೇಕ್’. ‘ಮೇಕ್ ಇನ್‌ಸ್ಟಾಲ್’ ಈಗ ಬೇಡ, ಅದೇ ಫೋಲ್ಡರಿನಲ್ಲಿ ತಯಾರಾದ ನಾಟ್‌ಮಚ್ ಅನ್ನೇ ನೇರ ಓಡಿಸಬಹುದು. ನಿಮ್ಮ ನಿಜವಾದ ಮೇಲ್ ಮೇಲೆ ಪ್ರಯೋಗ ಮಾಡಬೇಡಿ. ನೂರಿನ್ನೂರು ಮೇಲ್ ನಕಲು ಮಾಡಿದ ಬೇರೆ ಫೋಲ್ಡರ್, ಬೇರೆ ಕಾನ್ಫಿಗ್ ಫೈಲ್ ಮಾಡಿ, ‘ನಾಟ್‌ಮಚ್_ಕಾನ್ಫಿಗ್’ ವೇರಿಯಬಲ್‌ನಲ್ಲಿ (ಇದೂ ದೊಡ್ಡಕ್ಷರದಲ್ಲಿ) ಅದರ ದಾರಿ ಕೊಡಿ.

ಏನೂ ಬದಲಿಸುವ ಮುಂಚೆ ‘ಮೇಕ್ ಟೆಸ್ಟ್’ ಒಂದು ಸಲ ಓಡಿಸಿ. ಈಗಲೇ ಯಾವುದಾದರೂ ಬೀಳುತ್ತಿದ್ದರೆ ಬರೆದಿಟ್ಟುಕೊಳ್ಳಿ. ಆಮೇಲೆ ಅದನ್ನು ನೀವು ಕೆಡಿಸಿದಿರಿ ಅಂದುಕೊಂಡು ಒಂದು ರಾತ್ರಿ ಹಾಳು ಮಾಡಿಕೊಳ್ಳುವುದು ತಪ್ಪುತ್ತದೆ.

ಮೊದಲು ಟೆಸ್ಟ್, ಆಮೇಲೆ ರಿಪೇರಿ

ಟೆಸ್ಟ್ ಫೋಲ್ಡರಿನಲ್ಲಿ ‘ಟಿ’ ಮತ್ತು ಮೂರಂಕಿಯಿಂದ ಶುರುವಾಗುವ ಶೆಲ್ ಸ್ಕ್ರಿಪ್ಟುಗಳು ಸಾಲಾಗಿ ಇವೆ. ಗಿಟ್ ಯೋಜನೆಯ ಟೆಸ್ಟ್ ಪದ್ಧತಿಯಿಂದಲೇ ಇದು ಬಂದದ್ದು. ಒಂದು ಚಿಕ್ಕದನ್ನು ತೆರೆದು ಓದಿ, ರಚನೆ ಅಲ್ಲೇ ತಿಳಿಯುತ್ತದೆ. ‘ಆಡ್_ಮೆಸೇಜ್’ ಕೊಟ್ಟು, ವಿಷಯ ಮತ್ತು ಪಠ್ಯ ಹೇಳಿದರೆ ಅದು ಹುಸಿ ಮೇಲ್ ಒಂದನ್ನು ತಯಾರಿಸಿ ತಾತ್ಕಾಲಿಕ ಸೂಚಿಗೆ ಸೇರಿಸುತ್ತದೆ. ನಿಮ್ಮ ಮೇಲಿನ ಹತ್ತಿರ ಅದು ಬರುವುದೇ ಇಲ್ಲ. ಆಮೇಲೆ ‘ಟೆಸ್ಟ್_ಬಿಗಿನ್_ಸಬ್‌ಟೆಸ್ಟ್’, ಹುಡುಕುವ ಕಮಾಂಡ್, ‘ಟೆಸ್ಟ್_ಎಕ್ಸ್‌ಪೆಕ್ಟ್_ಈಕ್ವಲ್’, ಕೊನೆಗೆ ‘ಟೆಸ್ಟ್_ಡನ್’.

ನಮ್ಮ ಟೆಸ್ಟ್ ಹೀಗೆ: ಒಡೆದ ರೋಣ ಇರುವ ಒಂದು ಮೇಲ್ ಸೇರಿಸು, ಕೂಡಿದ ರೋಣ ಕೊಟ್ಟು ‘ಕೌಂಟ್’ ಮಾಡು, ಉತ್ತರ 1 ಬರಬೇಕು. ಒಡೆದ ರೂಪವನ್ನು ಕೀಬೋರ್ಡಿನಿಂದ ಟೈಪ್ ಮಾಡಬೇಡಿ. ಎಡಿಟರ್ ಅಥವಾ ಕೀಬೋರ್ಡ್ ಸದ್ದಿಲ್ಲದೆ ಕೂಡಿಸಿಬಿಡಬಹುದು, ಆಗ ಟೆಸ್ಟ್ ಸುಳ್ಳೇ ಪಾಸಾಗುತ್ತದೆ. ಪ್ರಿಂಟ್‌ಎಫ್‌ಗೆ ಒಂದೊಂದು ಬೈಟನ್ನೂ ಹದಿನಾರಂಕಿ ಪದ್ಧತಿಯಲ್ಲಿ ಬರೆದು ಕೊಡಿ. ಬರೆದಾದ ಮೇಲೆ ಮತ್ತೆ ‘ಡಬ್ಲ್ಯೂಸಿ -ಸಿ’ಯಿಂದ 15 ಬರುತ್ತದಾ ನೋಡಿ.

ಈಗ ಟೆಸ್ಟ್ ಓಡಿಸಿದರೆ ಬೀಳಬೇಕು. ಬಿದ್ದರೆ ನೀವು ಸರಿ ದಾರಿಯಲ್ಲಿದ್ದೀರಿ. ಈ ಯೋಜನೆಯಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ದೋಷ ತೋರಿಸುವ ಟೆಸ್ಟಿಗೆ ‘ಟೆಸ್ಟ್_ಸಬ್‌ಟೆಸ್ಟ್_ನೋನ್_ಬ್ರೋಕನ್’ ಅಂತ ಒಂದು ಸಾಲು ಸೇರಿಸಿ, ಮೊದಲ ಕಮಿಟ್‌ನಲ್ಲಿ (ಗಿಟ್‌ನಲ್ಲಿ ದಾಖಲಿಸುವ ಒಂದು ಬದಲಾವಣೆ) ಅಷ್ಟನ್ನೇ ಇಡುತ್ತಾರೆ. ಆಗ ಫಲಿತಾಂಶ ‘ಬ್ರೋಕನ್’ ಅಂತ ಬರುತ್ತದೆ. ಎರಡನೇ ಕಮಿಟ್‌ನಲ್ಲಿ ರಿಪೇರಿ ಮಾಡಿ ಆ ಸಾಲನ್ನು ತೆಗೆಯುತ್ತಾರೆ. ನನಗಂತೂ ಇದು ತುಂಬಾ ಇಷ್ಟ. ರಿಪೇರಿ ನಿಮಗೆ ಬರದಿದ್ದರೂ ಮೊದಲನೇ ಕಮಿಟ್ ಒಂದೇ ದೊಡ್ಡ ಉಪಕಾರ, ಕನ್ನಡ ಓದಲು ಬಾರದ ಡೆವಲಪರ್‌ಗೂ ನಮ್ಮ ತೊಂದರೆಯನ್ನು ಅವರದೇ ಕಂಪ್ಯೂಟರಿನಲ್ಲಿ ತೋರಿಸಿಕೊಡುತ್ತದೆ.

ರಿಪೇರಿ ಎಲ್ಲಿ

ಲಿಬ್ ಫೋಲ್ಡರಿನ ‘ಮೆಸೇಜ್.ಸಿಸಿ’ ತೆರೆಯಿರಿ. ‘ಜೆನ್_ಟರ್ಮ್ಸ್’ ಅಂತ ಹೆಸರು ಮುಗಿಯುವ ಫಂಕ್ಷನ್ ಇದೆ. ವಿಷಯ, ಕಳಿಸಿದವರ ಹೆಸರು, ಒಳಗಿನ ಪಠ್ಯ, ಎಲ್ಲ ಈ ಬಾಗಿಲಿನಿಂದಲೇ ಜಾಪಿಯನ್ ಕಡೆಗೆ ಹೋಗುತ್ತವೆ. ಇಲ್ಲಿ ಪಠ್ಯವನ್ನು ಕೂಡಿದ ರೂಪಕ್ಕೆ ತಂದರೆ ಸಾಕು. ಅದಕ್ಕೆ ಗ್ನೋಮ್‌ನವರ ಜಿಲಿಬ್ ಎಂಬ ಲೈಬ್ರರಿಯಲ್ಲಿ ‘ಜಿ_ಯುಟಿಎಫ್8_ನಾರ್ಮಲೈಜ್’ ಎಂಬ ಫಂಕ್ಷನ್ ಇದೆ. ಎನ್‌ಎಫ್‌ಸಿ (ಕೂಡಿದ ರೂಪಕ್ಕೆ ಯುನಿಕೋಡ್ ಇಟ್ಟ ಹೆಸರು) ಬೇಕು ಅಂತ ಹೇಳಿದರೆ ತುಂಡುಗಳನ್ನು ಕೂಡಿಸಿ ಹೊಸ ಪಠ್ಯ ಕೊಡುತ್ತದೆ. ಜಿಮೈಮ್ ಹೇಗೂ ಈ ಲೈಬ್ರರಿಯ ಮೇಲೇ ನಿಂತಿರುವುದರಿಂದ ಹೊಸ ಅವಲಂಬನೆ ಏನೂ ಬೇಡ.

ಎರಡು ಎಚ್ಚರ. ಅದು ಕೊಡುವ ಪಠ್ಯಕ್ಕೆ ಹೊಸ ಮೆಮೊರಿ ತೆಗೆದುಕೊಂಡಿರುತ್ತದೆ, ಕೆಲಸ ಮುಗಿದ ಮೇಲೆ ‘ಜಿ_ಫ್ರೀ’ ಮಾಡಲೇಬೇಕು. ಸಾವಿರಾರು ಮೇಲಿಗೆ ಇದು ಓಡುತ್ತದೆ, ಮರೆತರೆ ಮೆಮೊರಿ ತುಂಬುತ್ತಾ ಹೋಗುತ್ತದೆ. ಎರಡನೆಯದು, ಪಠ್ಯ ಸರಿಯಾದ ಯುಟಿಎಫ್-8 ಅಲ್ಲದಿದ್ದರೆ ಅದು ಖಾಲಿ ಕೈಯಲ್ಲಿ ಮರಳುತ್ತದೆ, ಅಂದರೆ ನಲ್ ಬರುತ್ತದೆ. ಹಳೆಯ ಮೇಲ್‌ಗಳಲ್ಲಿ ಇಂಥವು ಇದ್ದೇ ಇರುತ್ತವೆ. ನಲ್ ಬಂದರೆ ಮೂಲ ಪಠ್ಯವನ್ನೇ ಮುಂದಕ್ಕೆ ಕಳಿಸಿ.

ಹುಡುಕುವ ಪ್ರಶ್ನೆಯನ್ನೂ ಹೀಗೇ ಕೂಡಿಸಬೇಕಲ್ವಾ ಅಂತ ನಾನೂ ಮೊದಲು ಅಂದುಕೊಂಡು ‘ಕ್ವೆರಿ.ಸಿಸಿ’ಗೆ ಕೈ ಹಾಕಿದ್ದೆ. ಆಮೇಲೆ ಹೊಳೆಯಿತು. ಪೂರ್ತಿ ಪ್ರಶ್ನೆಯನ್ನು ಬದಲಿಸಿದರೆ ಅದರೊಳಗಿನ ‘ಟ್ಯಾಗ್:’ ಮತ್ತು ‘ಪಾತ್:’ ಕೂಡ ಬದಲಾಗುತ್ತವೆ. ಈಗಾಗಲೇ ಒಡೆದ ರೂಪದಲ್ಲಿ ಟ್ಯಾಗ್ ಇಟ್ಟವರಿಗೆ ಆ ಟ್ಯಾಗ್ ಮತ್ತೆಂದೂ ಸಿಗುವುದಿಲ್ಲ. ಒಂದು ರಿಪೇರಿ ಮಾಡಲು ಹೋಗಿ ಇನ್ನೊಬ್ಬರ ಮನೆ ಕೆಡಿಸಿದ ಹಾಗೆ. ನಾವು ಕೀಬೋರ್ಡಿನಲ್ಲಿ ಟೈಪ್ ಮಾಡುವ ರೋಣ ಸಾಮಾನ್ಯವಾಗಿ ಕೂಡಿದ ರೂಪದಲ್ಲೇ ಇರುತ್ತದೆ. ಹಾಗಾಗಿ ನಾನು ಸೂಚಿಯ ಕಡೆ ಮಾತ್ರ ಬದಲಿಸಿದೆ. ಕಾಪಿ ಮಾಡಿ ಹುಡುಕುವ ಅಭ್ಯಾಸ ಇದ್ದವರು ಪ್ರಶ್ನೆಯನ್ನು ಐಸಿಯು ಎಂಬ ಯುನಿಕೋಡ್ ಲೈಬ್ರರಿಯ ‘ಯೂಕಾನ್ವ್’ ಮೂಲಕ ಎನ್‌ಎಫ್‌ಸಿ ಮಾಡಿ ಕೊಡುವ ಎರಡು ಸಾಲಿನ ಶೆಲ್ ಸ್ಕ್ರಿಪ್ಟ್ ಇಟ್ಟುಕೊಳ್ಳಿ.

ಬದಲಿಸಿ, ಮೇಕ್ ಮಾಡಿ, ನಿಮ್ಮ ಟೆಸ್ಟ್ ಒಂದನ್ನೇ ಓಡಿಸಿ. ಪಾಸಾದರೆ ಆಮೇಲೆ ಪೂರ್ತಿ ‘ಮೇಕ್ ಟೆಸ್ಟ್’.

ಟೆಸ್ಟ್ ಬರೆಯುವಾಗ ಸಿಕ್ಕ ಇನ್ನೊಂದು

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಹೆಸರು ಬರುವ ಮೇಲ್‌ಗಳ ಮೇಲೆ ನಕ್ಷತ್ರದ ಹುಡುಕಾಟ ಪರೀಕ್ಷಿಸುತ್ತಿದ್ದೆ. ‘ವಿಶ್ವವಿದ್ಯಾಲಯದಲ್ಲಿರುವ’ ಸಿಕ್ಕಿತು. ‘ವಿಶ್ವವಿದ್ಯಾಲಯದಲ್ಲಿರುವವರು’ ಸಿಗಲೇ ಇಲ್ಲ. ಎರಡರಲ್ಲೂ ಒಡೆದ ಅಕ್ಷರವೇನೂ ಇರಲಿಲ್ಲ. ಮತ್ತೆ ಬೈಟ್ ಎಣಿಸಿದೆ: ಮೊದಲನೆಯದು 63, ಎರಡನೆಯದು 72.

ಜಾಪಿಯನ್ ಪಠ್ಯದಿಂದ ಪದ ತೆಗೆಯುವಾಗ 64 ಬೈಟ್‌ಗಿಂತ ಉದ್ದದ ಪದವನ್ನು ಬಿಟ್ಟುಬಿಡುತ್ತದೆ. ಕಸದಂಥ ಉದ್ದ ಸರಗಳು ಸೂಚಿಗೆ ತುಂಬಬಾರದು ಅಂದರೆ ಇಂಥ ಮಿತಿ ಬೇಕೇ ಬೇಕು, ಇಂಗ್ಲಿಷಿಗೆ 64 ಅಕ್ಷರದ ಪದ ಎಲ್ಲಿದೆ? ಆದರೆ ನಮಗೆ ಅದು 21 ಗುರುತುಗಳ ಮಿತಿ. ವಿಭಕ್ತಿ, ಪ್ರತ್ಯಯ, ಸಂಧಿ ಎಲ್ಲ ಸೇರಿಸಿ ಬರೆಯುವ ಕನ್ನಡಕ್ಕೆ 21 ಸಾಲದು. ಒಡೆದ ರೂಪದಲ್ಲಿದ್ದರಂತೂ ಪದ ಇನ್ನೂ ಬೇಗ ಮಿತಿ ದಾಟುತ್ತದೆ. ಈ ಪದಗಳು ತಪ್ಪಾಗಿ ಸೂಚಿಗೆ ಸೇರುವುದಲ್ಲ, ಸೇರುವುದೇ ಇಲ್ಲ. ನಕ್ಷತ್ರ ಹಾಕಿದರೂ ಸಿಗುವುದಿಲ್ಲ.

ರಿಪೇರಿ ಒಂದೇ ಸಾಲಿನದು. ಲಿಬ್ ಫೋಲ್ಡರಿನ ‘ಓಪನ್.ಸಿಸಿ’ಯಲ್ಲಿ ಟರ್ಮ್ ಜನರೇಟರ್ (ಪಠ್ಯದಿಂದ ಪದ ತೆಗೆಯುವ ಭಾಗ) ಹುಟ್ಟುವ ಜಾಗದಲ್ಲಿ, ಇಂಗ್ಲಿಷ್ ಪದದ ಬಾಲ ಕತ್ತರಿಸುವ ಸ್ಟೆಮ್ಮರ್ ಹಚ್ಚುವ ಸಾಲಿನ ಪಕ್ಕದಲ್ಲೇ, ‘ಸೆಟ್_ಮ್ಯಾಕ್ಸ್_ವರ್ಡ್_ಲೆಂತ್’ ಕರೆದು ಮಿತಿ ಹೆಚ್ಚಿಸಬಹುದು. ಜಾಪಿಯನ್‌ನಲ್ಲಿ ಒಂದು ಪದಕ್ಕೆ ಒಟ್ಟು 245 ಬೈಟ್ ಮೀರುವಂತಿಲ್ಲ, ಮುಂಗುರುತಿಗೂ ಅದರಲ್ಲೇ ಜಾಗ ಬೇಕು. ನಾನು 192 ಇಟ್ಟಿದ್ದೇನೆ, ಅಂದರೆ ಕನ್ನಡದ 64 ಗುರುತು, ಇಂಗ್ಲಿಷಿಗೆ ಮೊದಲೇ ಸಿಗುತ್ತಿದ್ದಷ್ಟೇ ನಮಗೂ. ಇದರಿಂದ ಸೂಚಿಯ ಗಾತ್ರ ಸ್ವಲ್ಪ ಜಾಸ್ತಿ ಆಗಬಹುದು, ಅದನ್ನು ಕಮಿಟ್ ಮೆಸೇಜಿನಲ್ಲಿ ಮುಚ್ಚಿಡದೆ ಹೇಳಿ. ಮೊದಲ ಸಲ ಕೋಡ್ ಮುಟ್ಟುವವರು ರೋಣದಿಂದಲ್ಲ, ಇದರಿಂದ ಶುರು ಮಾಡಿ.

ನಿಜವಾದ ಮೇಲಿಗೆ ಹಾಕುವುದು

ಡಂಪ್ ತೆಗೆದಿದ್ದೀರಿ ತಾನೇ? ಹಾಗಾದರೆ ಹೊಸದಾಗಿ ಕಟ್ಟಿದ ನಾಟ್‌ಮಚ್‌ನಿಂದ ‘ರೀಇಂಡೆಕ್ಸ್’ ಕೊಡಿ, ಮುಂದೆ ಉದ್ಧರಣದೊಳಗೆ ಒಂದು ನಕ್ಷತ್ರ. ಎಲ್ಲ ಮೇಲ್‌ಗಳನ್ನೂ ಮತ್ತೆ ಓದಿ ಸೂಚಿ ಕಟ್ಟುತ್ತದೆ, ಟ್ಯಾಗ್ ಹಾಗೇ ಉಳಿಯುತ್ತದೆ. ರಾತ್ರಿ ಹಚ್ಚಿ ಬಿಡುವುದು ವಾಸಿ. ಗದಗಿನಲ್ಲಿ ನಾನು ಪ್ರೆಸ್ ಬಾಗಿಲು ಹಾಕುವ ಹೊತ್ತಿಗೆ ಶುರು ಮಾಡಿಸಿ, ಬೆಳಗ್ಗೆ ಫೋನಿನಲ್ಲೇ ಕಾಕಾನ ಕೈಲಿ ‘ಕೌಂಟ್’ ಹೊಡೆಸಿದೆ. ಮೊದಲು 31 ಇದ್ದದ್ದು 58 ಆಗಿತ್ತು. “ಈಗ ಬಂದ್ವು ನೋಡಪಾ” ಅಂದರು, ಆಮೇಲೆ ಒಂದೊಂದೇ ಹೆಸರು ಓದಿ ಹೇಳಿದರು.

ಒಂದು ಜಾತಿಯ ಮೇಲ್ ಮಾತ್ರ ಇದರಿಂದಲೂ ಸಿಗುವುದಿಲ್ಲ. ಪರಿವರ್ತನೆಯನ್ನೇ ಮಾಡದೆ ಹಳೆಯ ಫಾಂಟಿನ ಪಠ್ಯವನ್ನು ನೇರ ಅಂಟಿಸಿದವು. ಅವುಗಳಲ್ಲಿ ಇರುವುದು ಕನ್ನಡವಲ್ಲ, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅವನ್ನು ಕಳಿಸಿದವರ ವಿಳಾಸದಿಂದ ಹುಡುಕಿ ಟ್ಯಾಗ್ ಹಚ್ಚಿ ಇಟ್ಟುಕೊಳ್ಳಿ, ಸದ್ಯಕ್ಕೆ ಬೇರೆ ದಾರಿ ಇಲ್ಲ.

ಪ್ಯಾಚ್ ಕಳಿಸುವುದು

ನಾಟ್‌ಮಚ್‌ಗೆ ಪ್ಯಾಚ್ ಹೋಗುವುದು ಇಮೇಲಿನಲ್ಲೇ, ‘ಗಿಟ್ ಸೆಂಡ್-ಇಮೇಲ್’ ಮೂಲಕ. ಬ್ರೌಸರಿನ ಮೇಲ್ ಪೆಟ್ಟಿಗೆಗೆ ಅಂಟಿಸಿ ಕಳಿಸಬೇಡಿ, ಸಾಲು ಮುರಿದು ಪ್ಯಾಚ್ ಕೆಡುತ್ತದೆ. ಕಮಿಟ್‌ನ ಮೊದಲ ಸಾಲು ‘ಟೆಸ್ಟ್:’ ಅಥವಾ ‘ಲಿಬ್:’ ಅಂತ ಶುರುವಾಗಲಿ. ಡೆವೆಲ್ ಫೋಲ್ಡರಿನಲ್ಲಿ ‘ಸ್ಟೈಲ್’ ಅಂತ ಫೈಲಿದೆ, ಕೋಡ್ ಹೇಗೆ ಜೋಡಿಸಬೇಕು ಅಂತ ಅದರಲ್ಲಿ ಬರೆದಿದ್ದಾರೆ, ಓದಿಕೊಳ್ಳಿ. ಎರಡು ದೋಷಕ್ಕೆ ಎರಡು ಬೇರೆ ಸರಣಿ ಮಾಡಿ, ಒಂದರಲ್ಲಿ ತುರುಕಬೇಡಿ. ಮೆಸೇಜಿನಲ್ಲಿ ‘ಕನ್ನಡ ಸರಿಯಾಗಿ ಬರಲ್ಲ’ ಅಂತ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಯಾವ ಗುರುತು ಹೇಗೆ ಒಡೆದಿದೆ, ಎಷ್ಟು ಬೈಟ್, ಏನು ಹುಡುಕಿದೆ, ಏನು ಬರಬೇಕಿತ್ತು, ಏನು ಬಂತು, ಇಷ್ಟು ಬರೆಯಿರಿ. ಪ್ರಶ್ನೆಯ ಕಡೆ ಯಾಕೆ ಮುಟ್ಟಲಿಲ್ಲ ಅನ್ನುವುದನ್ನೂ ಬರೆಯಿರಿ, ಮೊದಲು ಕೇಳುವುದೇ ಅದನ್ನು.

ಉತ್ತರ ಬರುವ ತನಕ ನಿಮ್ಮ ಬದಲಾವಣೆಗಳನ್ನು ಬೇರೆ ಬ್ರಾಂಚ್‌ನಲ್ಲಿ ಇಟ್ಟುಕೊಳ್ಳಿ. ಹೊಸ ಆವೃತ್ತಿ ಬಂದಾಗ ಮೊದಲು ಟೆಸ್ಟ್ ಕಮಿಟ್ ಒಂದನ್ನೇ ಅದರ ಮೇಲೆ ಕೂರಿಸಿ ಓಡಿಸಿ. ‘ಬ್ರೋಕನ್’ ಅಂತ ಬಂದರೆ ರಿಪೇರಿ ಕಮಿಟನ್ನೂ ಕೂರಿಸಿ ಕಟ್ಟಿ. ‘ಫಿಕ್ಸ್ಡ್’ ಅಂತ ಬಂದರೆ ಅಲ್ಲೇ ಸರಿಯಾಗಿದೆ ಅಂತ ಅರ್ಥ, ನಿಮ್ಮ ಬ್ರಾಂಚ್ ಬಿಟ್ಟು ಪ್ಯಾಕೇಜಿನಲ್ಲಿ ಬರುವ ನಾಟ್‌ಮಚ್‌ಗೇ ಮರಳಿ, ರೀಇಂಡೆಕ್ಸ್ ಮಾತ್ರ ಇನ್ನೊಮ್ಮೆ ಮಾಡಿ.